ಹೊಸ ಕಾರಿಗೆ ಮೊದಲ ಗೀರು ಬಿತ್ತಾ? ಬಾಡಿ ರಿಪೇರಿ ಮಾಡಿಸುವ ಮುಂಚೆ ಇದನ್ನು ಓದಿ

ಕಾರು ಮನೆಗೆ ಬಂದು 19 ದಿನ ಆಗಿತ್ತು. ಹಾಸನದಲ್ಲಿ ಮಾವನ ಮನೆ ಕಾಂಪೌಂಡಿನಿಂದ ರಿವರ್ಸ್ ತೆಗೆಯುತ್ತಿದ್ದೆ. ಗೇಟಿನ ಅಗುಳಿ ಚಾಚಿಕೊಂಡಿದ್ದು ಕಾಣಲಿಲ್ಲ. ಕರ್ರ್ ಅಂತ ಒಂದು ಸದ್ದು. ಇಳಿದು ನೋಡಿದರೆ ಎಡಗಡೆ ಹಿಂದಿನ ಚಕ್ರದ ಮೇಲೆ ಶುರುವಾದ ಗೀರು ಹಿಂದಿನ ಬಾಗಿಲಿನ ಅರ್ಧಕ್ಕೆ ಬಂದು ನಿಂತಿತ್ತು. ಅದು ನಿಂತ ಕಡೆ ಅಂಗೈ ಅಗಲದ ತಗ್ಗು. ಅತ್ತೆ ಹೊರಗೆ ಬಂದು ನೋಡಿ, "ಹೋಗ್ಲಿ ಬಿಡಿ, ದೃಷ್ಟಿ ಕಳೀತು" ಅಂದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಅದನ್ನು ಸರಿ ಮಾಡಿಸಲು ನಾಲ್ಕು ಕಡೆ ಅಲೆದೆ. ಅಲೆದಿದ್ದರಲ್ಲಿ ಕಲಿತಿದ್ದು ಒಂದೇ ವಿಷಯ. ಹೊಸ ಕಾರಿನಲ್ಲಿ ವಾಪಸ್ ಸಿಗದೇ ಇರುವುದು ಕಂಪನಿ ಹೊಡೆದ ಪೇಂಟ್ ಮತ್ತು ಕಂಪನಿ ಹಾಕಿದ ವೆಲ್ಡಿಂಗ್. ಕಾರ್ಖಾನೆಯಲ್ಲಿ ಬರೀ ತಗಡಿನ ಬಾಡಿಯನ್ನು ತುಕ್ಕು ತಡೆಯುವ ದ್ರಾವಣದಲ್ಲಿ ಪೂರ್ತಿ ಮುಳುಗಿಸಿ, ಬಣ್ಣ ಹೊಡೆದು, 140 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಬೇಯಿಸುತ್ತಾರೆ. ಗ್ಯಾರೇಜಿನಲ್ಲಿ ಹಾಗೆ ಮಾಡಿದರೆ ವೈರು, ಬೀಡಿಂಗು, ಪ್ಲಾಸ್ಟಿಕ್ಕು ಎಲ್ಲಾ ಕರಗಿ ಹೋಗುತ್ತವೆ. ಅಲ್ಲಿ 60 ಡಿಗ್ರಿ ಆಸುಪಾಸಿನಲ್ಲೇ ಮುಗಿಸಬೇಕು. ಹಾಗಾಗಿ ಎಷ್ಟು ಕಡಿಮೆ ಕೈ ಹಾಕಿ ಕೆಲಸ ಮುಗಿಯುತ್ತದೋ ಅಷ್ಟು ಒಳ್ಳೆಯದು. ಮುಂದೆ ಹೇಳುವುದೆಲ್ಲ ಈ ಲೆಕ್ಕದಲ್ಲೇ.

ಮೊದಲ ಒಂದು ಗಂಟೆ

ಒರೆಸಬೇಡಿ. ಕೈಗೆ ಸಿಕ್ಕ ಬಟ್ಟೆ, ಪೆಟ್ರೋಲು, ಥಿನ್ನರು, ಟೂತ್‌ಪೇಸ್ಟು ಯಾವುದೂ ಬೇಡ. ಒಣ ಬಟ್ಟೆಯಲ್ಲಿ ಧೂಳಿನ ಸಮೇತ ಉಜ್ಜಿದರೆ ಒಂದು ಗೀರು ಇದ್ದ ಕಡೆ ನೂರು ಗೀರು ಆಗುತ್ತವೆ.

ಫೋಟೋ ತೆಗೆಯಿರಿ. ಹತ್ತಿರದಿಂದ ಒಂದು, ನಂಬರ್ ಪ್ಲೇಟ್ ಕಾಣುವ ಹಾಗೆ ದೂರದಿಂದ ಒಂದು, ತಗುಲಿದ ಗೇಟೋ ಕಂಬವೋ ಅದರದ್ದೂ ಒಂದು. ಬೇರೆ ಗಾಡಿ ಗುದ್ದಿದ್ದರೆ ಅದರ ನಂಬರ್ ಇರುವ ಫೋಟೋ ಬೇಕೇ ಬೇಕು. ಯಾರಿಗಾದರೂ ಪೆಟ್ಟಾಗಿದ್ದರೆ ಕಾರಿನ ಮಾತು ಆಮೇಲೆ. ಮೊದಲು ಆಸ್ಪತ್ರೆ, ಜೊತೆಗೆ 112ಕ್ಕೆ ಫೋನು.

ಗಾಡಿ ಓಡಿಸಬಹುದಾ ಅಂತಲೂ ಒಮ್ಮೆ ನೋಡಿ. ಬಂಪರ್ ಟೈರಿಗೆ ತಾಗುತ್ತಿದೆಯಾ, ಕೆಳಗೆ ನೀರೋ ಆಯಿಲ್ಲೋ ಸೋರುತ್ತಿದೆಯಾ, ಡ್ಯಾಶ್‌ಬೋರ್ಡಿನಲ್ಲಿ ಹೊಸ ಲೈಟ್ ಏನಾದರೂ ಹತ್ತಿದೆಯಾ? ಇದರಲ್ಲಿ ಒಂದಿದ್ದರೂ ಓಡಿಸದೆ ಟೋ ಮಾಡಿಸಿ. ಹೊಸ ಕಾರುಗಳಿಗೆ ಸಾಮಾನ್ಯವಾಗಿ ಮೊದಲ ಕೆಲವು ವರ್ಷ ರೋಡ್‌ಸೈಡ್ ಅಸಿಸ್ಟೆನ್ಸ್ ಇರುತ್ತದೆ. ನಂಬರ್ ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಉಗುರಿನ ಪರೀಕ್ಷೆ

ಮನೆಗೆ ಬಂದ ಮೇಲೆ ಜಾಗವನ್ನು ನೀರು ಹಾಕಿ, ಕಾರ್ ಶಾಂಪೂವಿನಲ್ಲಿ ಮೆಲ್ಲಗೆ ತೊಳೆಯಿರಿ. ಎಷ್ಟೋ ಸಲ ನಮ್ಮ ಪೇಂಟ್ ಹೋಗಿದೆ ಅಂದುಕೊಂಡಿದ್ದು ಅಸಲಿಗೆ ಗೋಡೆಯ ಸುಣ್ಣವೋ ಇನ್ನೊಂದು ಗಾಡಿಯ ಬಣ್ಣವೋ ನಮ್ಮ ಕಾರಿಗೆ ಮೆತ್ತಿಕೊಂಡಿರುತ್ತದೆ. ನನ್ನ ಬಿಳಿ ಕಾರಿನ ಮೇಲೆ ಗೇಟಿನ ಹಸಿರು ಬಣ್ಣ ಇತ್ತು. ತೊಳೆದ ಮೇಲೆ ಗೀರು ಅರ್ಧ ಮಾಯ.

ಉಳಿದಿದ್ದರ ಮೇಲೆ ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ ಅಂದರೆ ಗೀರು ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್‌ನಲ್ಲಿದೆ. ರಬ್ಬಿಂಗ್ ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ಪಾಲಿಶ್ ಮಾಡಿದರೆ ಸಾಕು, ಪೇಂಟ್ ಬೇಡ. ಉಗುರು ಸಿಕ್ಕಿಕೊಂಡು ಒಳಗೆ ಬೂದು ಬಣ್ಣ ಕಂಡರೆ ಬಣ್ಣದ ಅಡಿಯ ಪ್ರೈಮರ್‌ವರೆಗೆ ಹೋಗಿದೆ. ತಗಡು ಫಳಫಳ ಅಂದರೆ ಅದಕ್ಕೆ ಆತುರ ಇದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲೋ ಮಲೆನಾಡಿನ ಮಳೆಗಾಲದಲ್ಲೋ ಬರಿ ತಗಡು ಬೇಗ ಕೆಂಪಗಾಗುತ್ತದೆ. ರಿಪೇರಿಗೆ ವಾರಗಟ್ಟಲೆ ತಡ ಇದ್ದರೆ ನಿಮ್ಮ ಕಲರ್ ಕೋಡಿನ ಟಚ್-ಅಪ್ ಬಾಟಲಿ ತಂದು ಚಿಕ್ಕ ಬ್ರಶ್ಶಿನಲ್ಲಿ ಮುಚ್ಚಿಡಿ. ಆದರೆ ವಿಮೆ ಕ್ಲೇಮ್ ಮಾಡುವ ಯೋಚನೆ ಇದ್ದರೆ ಹಾನಿ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವವರೆಗೂ ಏನೂ ಹಚ್ಚಬೇಡಿ.

ಬಂಪರ್ ಪ್ಲಾಸ್ಟಿಕ್ಕು, ತುಕ್ಕು ಹಿಡಿಯಲ್ಲ. ಬಂಪರಿನ ಗೀರು ಆರು ತಿಂಗಳು ಕಾಯಬಲ್ಲದು. ಕಾಯದೇ ಇರುವುದು ನಮ್ಮ ಮನಸ್ಸು ಅಷ್ಟೆ.

ಕಾರು ಇನ್ನೂ ಶೋರೂಮಿನಲ್ಲೇ ಇದ್ದು, ಡೆಲಿವರಿ ದಿನ ಗೀರೋ ತಗ್ಗೋ ಕಂಡರೆ ವಿಷಯವೇ ಬೇರೆ. "ಪಾಲಿಶ್ ಮಾಡಿಸಿ ಕೊಡ್ತೀವಿ ಸರ್" ಅನ್ನುವುದಕ್ಕೆ ಒಪ್ಪಬೇಡಿ. ಡೆಲಿವರಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಕಂಡಿದ್ದನ್ನು ಅದರಲ್ಲೇ ಬರೆಸಿ, ಅಥವಾ ಗಾಡಿ ತಗೊಳ್ಳಲೇಬೇಡಿ.

ಎಸ್ಟಿಮೇಟ್: ಒಂದೊಂದು ಸಾಲನ್ನೂ ಓದಿ

ನಾನು ಮೊದಲು ಹೋಗಿದ್ದು ಒಂದು ದೊಡ್ಡ ಸರ್ವೀಸ್ ಸೆಂಟರಿಗೆ. ಅಡ್ವೈಸರ್ ಕಾರು ನೋಡುವ ಮುಂಚೆಯೇ ಕೇಳಿದ ಪ್ರಶ್ನೆ, "ಇನ್ಶೂರೆನ್ಸ್ ಇದ್ಯಲ್ವಾ ಸರ್?" ಇದೆ ಅಂದೆ. ಎಸ್ಟಿಮೇಟ್ 38,000 ರೂಪಾಯಿ ಬಂತು. ಹಿಂದಿನ ಬಾಗಿಲು ಹೊಸದು, ಕ್ವಾರ್ಟರ್ ಪ್ಯಾನೆಲ್ ಹೊಸದು, ಎರಡಕ್ಕೂ ಪೇಂಟ್. "ನಿಮ್ಮ ಕೈಯಿಂದ ಹೋಗೋದು ಸಾವಿರ ಅಷ್ಟೇ ಸರ್, ಎಲ್ಲಾ ಹೊಸದೇ ಹಾಕಿಸ್ಕೊಳ್ಳಿ" ಅಂತ ನಕ್ಕರು. ಕೇಳೋಕೆ ಚೆನ್ನಾಗೇ ಇತ್ತು.

ಅದರಲ್ಲಿ ಒಂದು ವಿಷಯ ಅವರು ಹೇಳಲಿಲ್ಲ. ಬಾಗಿಲು, ಬಾನೆಟ್, ಡಿಕ್ಕಿ, ಮುಂದಿನ ಫೆಂಡರ್ ಇವೆಲ್ಲ ಬೋಲ್ಟಿನಲ್ಲಿ ನಿಂತಿರುತ್ತವೆ. ಬಿಚ್ಚಿ ಬೇರೆ ಹಾಕಬಹುದು. ಆದರೆ ಹಿಂದಿನ ಚಕ್ರದ ಸುತ್ತ ಇರುವ ಕ್ವಾರ್ಟರ್ ಪ್ಯಾನೆಲ್, ರೂಫು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಬಾಡಿಗೇ ವೆಲ್ಡ್ ಆಗಿರುತ್ತವೆ. ಅವನ್ನು ಬದಲಾಯಿಸಬೇಕು ಅಂದರೆ ಕಾರನ್ನು ಕತ್ತರಿಸಬೇಕು. ಕಂಪನಿ ವೆಲ್ಡಿಂಗ್ ಹೋಯಿತು, ಒಳಗಿನ ತುಕ್ಕು ತಡೆಯುವ ಲೇಪ ಹೋಯಿತು, ಮುಂದೆ ಮಾರುವಾಗ ನೋಡುವವರು "ಇದು ದೊಡ್ಡ ಆಕ್ಸಿಡೆಂಟ್ ಆಗಿರೋ ಗಾಡಿ" ಅಂತ ಬೆಲೆ ಇಳಿಸುತ್ತಾರೆ. ಒಂದು ಗೀರಿಗೆ, ಅಂಗೈ ಅಗಲದ ತಗ್ಗಿಗೆ, ಇಷ್ಟೆಲ್ಲ ಬೇಕಾ?

ಹಾಗಾಗಿ ಎಸ್ಟಿಮೇಟಿನ ಪ್ರತಿ ಸಾಲಿನ ಮುಂದೆಯೂ ರಿಪೇರ್ ಅಂತ ಇದೆಯಾ ರೀಪ್ಲೇಸ್ ಅಂತ ಇದೆಯಾ ನೋಡಿ. ರೀಪ್ಲೇಸ್ ಅಂತ ಇದ್ದರೆ ಯಾಕೆ ಅಂತ ಕೇಳಿ. ವೆಲ್ಡ್ ಆಗಿರುವ ಭಾಗ ಹರಿದಿದ್ದರೆ ಅಥವಾ ಪೂರ್ತಿ ನಜ್ಜುಗುಜ್ಜಾಗಿದ್ದರೆ ಮಾತ್ರ ಬದಲಾಯಿಸಲು ಒಪ್ಪಿ. ಹೆಡ್‌ಲೈಟ್, ಮುರಿದ ಬಂಪರ್ ಕ್ಲಿಪ್, ಒಡೆದ ಗಾಜು ಇಂಥವುಗಳಲ್ಲಿ ಜುಗ್ಗತನ ಮಾಡಬೇಡಿ, ಹೊಸದೇ ಹಾಕಿಸಿ.

ಪೇಂಟ್ ಬಿರುಕು ಬಿಡದೆ ತಗಡು ಮಾತ್ರ ಒಳಗೆ ಹೋಗಿದ್ದರೆ ಪೇಂಟ್‌ಲೆಸ್ ಡೆಂಟ್ ರಿಪೇರಿ ಮಾಡುವವರನ್ನು ಮೊದಲು ಹುಡುಕಿ. ಪಿಡಿಆರ್ ಅಂತಾರೆ. ಒಳಗಿನಿಂದ ಉದ್ದನೆಯ ಸರಳು ತೂರಿಸಿ ತಗ್ಗನ್ನು ಸ್ವಲ್ಪ ಸ್ವಲ್ಪವೇ ಒತ್ತಿ ಮೇಲೆ ತರುತ್ತಾರೆ. ಕಂಪನಿ ಪೇಂಟ್ ಹಾಗೇ ಉಳಿಯುತ್ತದೆ. ಶಾಪಿಂಗ್ ಮಾಲಿನಲ್ಲಿ ಪಕ್ಕದ ಕಾರಿನ ಬಾಗಿಲು ತಾಗಿದ ತಗ್ಗಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ತಗ್ಗು ಬಾಗಿಲಿನ ಅಂಚಿನಲ್ಲೋ ಬಾಡಿಯ ಗೆರೆಯ ಮೇಲೋ ಬಿದ್ದಿದ್ದರೆ ಮಾತ್ರ ಕಷ್ಟ.

ಕ್ಲೇಮ್ ಮಾಡಬೇಕಾ, ಕೈಯಿಂದ ಕೊಡಬೇಕಾ?

ಕ್ಲೇಮ್ ಮಾಡಿದರೆ ಸಾವಿರ ರೂಪಾಯಿ ಮಾತ್ರ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ ಸಾಮಾನ್ಯವಾಗಿ 1,000, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000 ರೂಪಾಯಿ ನಾವೇ ಕೊಡಬೇಕು. ಅದು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ನೋ ಕ್ಲೇಮ್ ಬೋನಸ್ಸಿನದು, ಅಂದರೆ ಕ್ಲೇಮ್ ಮಾಡದಿದ್ದರೆ ರಿನ್ಯೂವಲ್ಲಿನಲ್ಲಿ ಸಿಗುವ ರಿಯಾಯಿತಿಯದು.

ಬೋನಸ್ ಏರುವುದು ಹೀಗೆ: ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ. 20, ಆಮೇಲೆ 25, 35, 45, ಕೊನೆಗೆ 50. ಈ ರಿಯಾಯಿತಿ ಓನ್ ಡ್ಯಾಮೇಜ್ (ನಮ್ಮ ಕಾರಿನ ಹಾನಿಗೆ ಕಟ್ಟುವ) ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ (ಬೇರೆಯವರ ಹಾನಿಗೆ ಕಟ್ಟುವ) ಮೇಲೆ ಅಲ್ಲ. ಮೊದಲ ವರ್ಷವೇ ಕ್ಲೇಮ್ ಮಾಡಿದರೆ ಮುಂದಿನ ಐದು ರಿನ್ಯೂವಲ್ಲಿನಲ್ಲೂ ನೀವು ಒಂದೊಂದು ಮೆಟ್ಟಿಲು ಕೆಳಗೇ ಇರುತ್ತೀರಿ. ಮೊದಲ ಸಲ 20 ಹೋಯಿತು, ಆಮೇಲೆ 5, 10, 10, 5. ಕೂಡಿಸಿ ನೋಡಿ, 50. ಅಂದರೆ ಒಂದು ಕ್ಲೇಮಿನ ನಿಜವಾದ ಬೆಲೆ ಹೆಚ್ಚೂಕಡಿಮೆ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನ ಅರ್ಧ. ಕಾರಿನ ಬೆಲೆ ಇಳಿದಂತೆ ಪ್ರೀಮಿಯಮ್ಮೂ ಇಳಿಯುವುದರಿಂದ ಸ್ವಲ್ಪ ಕಡಿಮೆಯೇ ಆಗುತ್ತದೆ. ಮಧ್ಯೆ ಇನ್ನೊಂದು ಕ್ಲೇಮ್ ಬಂದರೆ ಲೆಕ್ಕ ಬದಲಾಗುತ್ತದೆ, ಅದು ಬೇರೆ ಮಾತು.

ನನ್ನ ಪಾಲಿಸಿಯಲ್ಲಿ ಓನ್ ಡ್ಯಾಮೇಜ್ ಪಾಲು 14,000 ಇತ್ತು. ಅರ್ಧ 7,000, ಮೇಲೆ 1,000. ಒಟ್ಟು 8,000. ರಿಪೇರಿ ಇದಕ್ಕಿಂತ ಕಡಿಮೆಯಲ್ಲಿ ಆದರೆ ಕೈಯಿಂದ ಕೊಡುವುದೇ ಲಾಭ. ಜಾಸ್ತಿ ಆದರೆ ಕ್ಲೇಮ್. ನೀವೂ ಪಾಲಿಸಿ ತೆಗೆದು ನಿಮ್ಮ ಅಂಕಿ ಹಾಕಿ ನೋಡಿ, ಐದು ನಿಮಿಷದ ಕೆಲಸ. ಬೋನಸ್ ಉಳಿಸುವ ಆ್ಯಡ್-ಆನ್ ತಗೊಂಡಿದ್ದರೆ ಅದರ ಷರತ್ತನ್ನೂ ಓದಿ.

ನಿಲ್ ಡೆಪ್ರಿಸಿಯೇಶನ್, ಅಂದರೆ ಭಾಗಗಳ ಸವೆತಕ್ಕೆ ಅಂತ ಕ್ಲೇಮಿನಲ್ಲಿ ಕಡಿತ ಮಾಡದ ಆ್ಯಡ್-ಆನ್, ಇದೆಯಾ ಅಂತಲೂ ನೋಡಿ. ಜನ ಬಂಪರ್ ಟು ಬಂಪರ್ ಅನ್ನುವುದು ಇದನ್ನೇ. ಅದಿಲ್ಲದಿದ್ದರೆ ಕಾರು ಹೊಸದಾಗಿದ್ದರೂ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ನಿಮ್ಮದೇ. ತಗಡಿನ ಭಾಗಕ್ಕೆ ಮೊದಲ ಆರು ತಿಂಗಳು ಏನೂ ಕಡಿತವಿಲ್ಲ, ಆಮೇಲೆ ಒಂದು ವರ್ಷದವರೆಗೆ ಶೇ. 5. ಗಾಜಿಗೆ ಕಡಿತ ಇಲ್ಲ. ನಿಲ್ ಡೆಪ್ ಇದ್ದರೂ ಕೆಲವು ಪಾಲಿಸಿಗಳಲ್ಲಿ ವರ್ಷಕ್ಕೆ ಎರಡೇ ಸಲ ಅಂತ ಮಿತಿ ಇರುತ್ತದೆ. ಮೊದಲ ತಿಂಗಳೇ ಚಿಕ್ಕ ಗೀರಿಗೆ ಒಂದನ್ನು ಖರ್ಚು ಮಾಡುವ ಮುಂಚೆ ಯೋಚನೆ ಮಾಡಿ.

ಕ್ಲೇಮ್ ಅಂತ ನಿರ್ಧರಿಸಿದರೆ

ಅದೇ ದಿನ ಅಥವಾ ಮಾರನೇ ದಿನ ವಿಮಾ ಕಂಪನಿಗೆ ತಿಳಿಸಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ಆರ್‌ಸಿ, ಡ್ರೈವ್ ಮಾಡುತ್ತಿದ್ದವರ ಡಿಎಲ್, ಪಾಲಿಸಿ, ಕ್ಲೇಮ್ ಫಾರ್ಮ್ ಬೇಕು. ಸರ್ವೇಯರ್ ನೋಡಿ ಒಪ್ಪಿಗೆ ಕೊಡುವ ಮುಂಚೆ ಒಂದು ಸ್ಕ್ರೂ ಕೂಡ ಬಿಚ್ಚಿಸಬೇಡಿ.

ಹೊಸ ಕಾರಿನವರು ಮರೆಯುವ ಒಂದು ವಿಷಯ ತಾತ್ಕಾಲಿಕ ನೋಂದಣಿ. ಅದರ ಅವಧಿ ಮುಗಿದ ಮೇಲೂ ಕಾಯಂ ನಂಬರ್ ಇಲ್ಲದೆ ಓಡಿಸುತ್ತಿದ್ದರೆ ವಿಮೆ ಕೈ ಕೊಡಬಹುದು. ಹಾಗೆ ಅವಧಿ ಮುಗಿದಿದ್ದ ಕಾರೊಂದು ಕಳವಾದ ಪ್ರಕರಣದಲ್ಲಿ ವಿಮಾ ಕಂಪನಿ ಹಣ ಕೊಡಬೇಕಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಿನಾಂಕ ನೋಡಿಕೊಳ್ಳಿ.

ಇದ್ದಿದ್ದನ್ನು ಇದ್ದ ಹಾಗೆ ಹೇಳಿ. ಬೇರೆ ಬೇರೆ ದಿನ ಬಿದ್ದ ಮೂರು ಗೀರನ್ನು ಒಂದೇ ಘಟನೆ ಅಂತ ಸೇರಿಸಲು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಗೀರಿನ ಎತ್ತರ, ದಿಕ್ಕು ನೋಡಿಯೇ ಸರ್ವೇಯರಿಗೆ ಗೊತ್ತಾಗುತ್ತದೆ. ಅವರು ಸುಳ್ಳು ಅಂತ ಬರೆದರೆ ಪೂರ್ತಿ ಕ್ಲೇಮ್ ಹೋಗುತ್ತದೆ. ನಂಬರ್ ಪ್ಲೇಟೂ ಜಜ್ಜಿ ಹೋಗಿದ್ದರೆ ಅದನ್ನು ಎಸ್ಟಿಮೇಟಿಗೆ ಸೇರಿಸಲು ಹೇಳಿ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಆಗಿರುವುದರಿಂದ ರಸ್ತೆ ಬದಿಯಲ್ಲಿ ಬರೆಸಿ ಹಾಕಿಕೊಳ್ಳುವ ಹಾಗಿಲ್ಲ.

ಎಲ್ಲಿ ಮಾಡಿಸೋದು?

ಕಂಪನಿ ಸರ್ವೀಸ್ ಸೆಂಟರೋ ಹೊರಗಿನ ಬಾಡಿ ಶಾಪೋ ಅನ್ನುವ ವಾದಕ್ಕೆ ಕೊನೆ ಇಲ್ಲ. ಹೊರಗೆ ಪೇಂಟ್ ಮಾಡಿಸಿದ ಪ್ಯಾನೆಲ್ಲಿಗೆ ಕಂಪನಿಯ ಪೇಂಟ್, ತುಕ್ಕು ವಾರಂಟಿ ಸಿಗುವುದಿಲ್ಲ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಾಗಂತ ಬೋರ್ಡು ನೋಡಿ ಮರುಳಾಗಬೇಡಿ. ಎಲ್ಲಿಗೆ ಹೋದರೂ ಪೇಂಟ್ ಬೂತ್ ತೋರಿಸಿ ಅನ್ನಿ. ಬಾಗಿಲು ಮುಚ್ಚಿದ, ಧೂಳಿಲ್ಲದ, ಬಿಸಿಗಾಳಿ ಬರುವ ಕೋಣೆ ಇರಬೇಕು. ಶೆಡ್ಡಿನಲ್ಲಿ ತಾರ್ಪಾಲ್ ಕಟ್ಟಿ ಹೊಡೆಯುವ ಕಡೆ ಹೊಸ ಕಾರನ್ನು ಬಿಡಬೇಡಿ. ತೋರಿಸಲ್ಲ ಅಂದರೆ ವಾಪಸ್ ಬನ್ನಿ.

ಬಂಪರಿನ ಹಿಂದೆ ರೇಡಾರ್ ಇರುವ ಕಾರು, ಅಂದರೆ ಎಡಿಎಎಸ್ (ಡ್ರೈವರಿಗೆ ನೆರವಾಗುವ ಸೆನ್ಸರ್ ವ್ಯವಸ್ಥೆ) ಇರುವ ಕಾರಾದರೆ ನನ್ನ ಮಟ್ಟಿಗೆ ಕಂಪನಿ ಸೆಂಟರ್ ಬಿಟ್ಟು ಬೇರೆ ಕಡೆ ಬೇಡ. ರೇಡಾರಿನ ಮುಂದೆ ಪುಟ್ಟಿ, ದಪ್ಪ ಪೇಂಟ್ ಬಂದರೆ ಅದು ಸರಿಯಾಗಿ ನೋಡಲಾರದು. ಬಂಪರ್ ಬಿಚ್ಚಿ ಹಾಕಿದ ಮೇಲೆ ಕ್ಯಾಲಿಬ್ರೇಶನ್ (ರೇಡಾರನ್ನು ಮತ್ತೆ ಸರಿಯಾಗಿ ಹೊಂದಿಸುವುದು) ಬೇಕಾ ಅಂತ ಕೇಳಿ, ಮಾಡಿದರೆ ಅದರ ಪ್ರಿಂಟ್ ತಗೊಳ್ಳಿ.

ನನ್ನ ಕೆಲಸ ಕೊನೆಗೆ ಆಗಿದ್ದು ಬೂತ್ ಇರುವ ಒಂದು ಚಿಕ್ಕ ಬಾಡಿ ಶಾಪಿನಲ್ಲಿ, 7,600 ರೂಪಾಯಿಗೆ. ಅಲ್ಲಿಯ ಟಿಂಕರ್ ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಕಾರು ನೋಡಿ ಒಂದೂ ಮಾತಾಡಲಿಲ್ಲ. ಅಂಗೈಯನ್ನು ಬಾಗಿಲ ಮೇಲೆ ಚಪ್ಪಟೆಯಾಗಿಟ್ಟು, ಮುಖ ಬೇರೆ ಕಡೆ ತಿರುಗಿಸಿ, ಉದ್ದಕ್ಕೂ ಸವರಿದರು. "ಇಲ್ಲೊಂದು ಇದೆ, ನೀವು ನೋಡಿಲ್ಲ" ಅಂದರು. ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಸವರಿಸಿದರು. ಕಣ್ಣಿಗೆ ಏನೂ ಇಲ್ಲ, ಬೆರಳಿಗೆ ಒಂದು ಅಲೆ ಸಿಕ್ಕಿತು. "ಕಣ್ಣು ಮೋಸ ಮಾಡುತ್ತೆ ಸರ್, ಬಿಳಿ ಗಾಡೀಲಿ ಜಾಸ್ತಿ."

ಅವರು ತಗಡಿನ ಮೇಲೆ ಸಣ್ಣ ವಾಶರುಗಳನ್ನು ವೆಲ್ಡ್ ಮಾಡಿ, ಎಳೆಯುವ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಎಳೆದು ತಗ್ಗನ್ನು ಮೇಲೆ ತಂದರು. ಆಮೇಲೆ ವಾಶರ್ ತಿರುಚಿ ಕಿತ್ತು, ಉಜ್ಜಿ, ತೆಳ್ಳಗೆ ಪುಟ್ಟಿ. ಈ ವೆಲ್ಡಿಂಗಿನ ಬಿಸಿಗೆ ತಗಡಿನ ಹಿಂಬದಿಯ ಲೇಪ ಸುಟ್ಟಿರುತ್ತದೆ. ಅಲ್ಲಿಂದಲೇ ಎರಡು ಮೂರು ಮಳೆಗಾಲದ ನಂತರ ತುಕ್ಕು ಶುರುವಾಗುವುದು. ಹಾಗಾಗಿ ಬಾಗಿಲಿನ ಟ್ರಿಮ್ ಬಿಚ್ಚಿದಾಗಲೇ ಒಳಗಿನಿಂದ ತುಕ್ಕು ತಡೆಯುವ ವ್ಯಾಕ್ಸ್ ಸ್ಪ್ರೇ ಹೊಡೆಯಲು ಹೇಳಿ. ಕೇಳದಿದ್ದರೆ ಯಾರೂ ಹೊಡೆಯಲ್ಲ.

ಪುಟ್ಟಿ ಬೇಡವೇ ಬೇಡ ಅಂತ ಹಟ ಹಿಡಿಯಬೇಡಿ. ಎರಡು ಮೂರು ಮಿಲಿಮೀಟರ್ ಒಳಗಿದ್ದರೆ ಅದು ಸರಿಯಾದ ಕೆಲಸವೇ. ತಗ್ಗನ್ನು ಎಳೆಯದೆ ಪುಟ್ಟಿಯಲ್ಲೇ ತುಂಬಿಸಿದರೆ ಮೋಸ. ಪ್ರೈಮರ್ ಹೊಡೆಯುವ ಮುಂಚೆ ಒಂದು ಫೋಟೋ ಕಳಿಸಿ ಅಂತ ಮೊದಲೇ ಹೇಳಿಡಿ. ನೋಡುವವರಿದ್ದಾರೆ ಅಂತ ಗೊತ್ತಾದರೆ ಕೆಲಸ ತಾನಾಗೇ ನೇರ ಆಗುತ್ತದೆ.

ಮೆಟಾಲಿಕ್ ಬಣ್ಣವಾದರೆ ಇನ್ನೊಂದು ಮಾತು. ಸಿಲ್ವರ್, ಗ್ರೇ, ಮುತ್ತಿನ ಹೊಳಪಿನ ಕೆಂಪು ಇವುಗಳಲ್ಲಿ ಒಂದೇ ಪ್ಯಾನೆಲ್ಲಿಗೆ ಪೇಂಟ್ ಹೊಡೆದರೆ ಪಕ್ಕದ್ದಕ್ಕೂ ಇದಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. ಪಕ್ಕದ ಪ್ಯಾನೆಲ್ಲಿಗೆ ಸ್ವಲ್ಪ ಸ್ವಲ್ಪವೇ ಬಣ್ಣ ಬೆರೆಸಿಕೊಂಡು ಹೋಗುವುದಕ್ಕೆ ಬ್ಲೆಂಡಿಂಗ್ ಅಂತಾರೆ. ಅದು ಎಸ್ಟಿಮೇಟಿನಲ್ಲಿ ಇದೆಯಾ ಕೇಳಿ. ಕಲರ್ ಕೋಡ್ ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಪ್ಲೇಟಿನಲ್ಲಿ ಸಿಗುತ್ತದೆ.

ಗಾಡಿ ಬಿಡುವಾಗ

ಕಿಲೋಮೀಟರ್, ಪೆಟ್ರೋಲ್ ಮುಳ್ಳು, ನಾಲ್ಕೂ ಕಡೆಯ ಬಾಡಿ, ಒಂದು ವಿಡಿಯೋ ಸಾಕು. ಜಾಬ್ ಕಾರ್ಡಿನಲ್ಲಿ ಕೊಡುವ ದಿನಾಂಕ ಬರೆಸಿ. ದುಡ್ಡು, ಕಾಗದ ಪತ್ರ, ಡ್ಯಾಶ್‌ಕ್ಯಾಮ್ ಮನೆಗೆ ತನ್ನಿ.

ವಾಪಸ್ ತಗೊಳ್ಳುವಾಗ

ಹಗಲಲ್ಲೇ ಹೋಗಿ. ಸಂಜೆ ಏಳಕ್ಕೆ "ರೆಡಿ ಇದೆ ಬನ್ನಿ ಸರ್" ಅಂದರೆ ನಾಳೆ ಬೆಳಗ್ಗೆ ಬರುತ್ತೇನೆ ಅನ್ನಿ. ಮೊದಲು ಕಾರು ತೊಳೆದು ಒರೆಸಿದೆಯಾ ನೋಡಿ, ಧೂಳಿನ ಕೆಳಗೆ ಏನು ಬೇಕಾದರೂ ಅಡಗಿರುತ್ತದೆ. ಬಿಸಿಲಿನಲ್ಲಿ ಬಣ್ಣ ಹೋಲಿಸಿ, ಆಮೇಲೆ ನೆರಳಿಗೆ ತಂದು ಇನ್ನೊಮ್ಮೆ. ಟ್ಯೂಬ್‌ಲೈಟ್ ಇದ್ದರೆ ಅದರ ಪ್ರತಿಬಿಂಬ ಪ್ಯಾನೆಲ್ ಮೇಲೆ ಬೀಳುವ ಹಾಗೆ ನಿಂತು ತಲೆ ಅಲ್ಲಾಡಿಸಿ. ಪ್ರತಿಬಿಂಬ ನೆಟ್ಟಗಿದ್ದರೆ ತಗಡೂ ನೆಟ್ಟಗಿದೆ. ಡೊಂಕಾದರೆ ಅಲೆ ಉಳಿದಿದೆ.

ರಬ್ಬರ್ ಬೀಡಿಂಗ್, ಗಾಜಿನ ಅಂಚು, ಟೈರಿನ ಮೇಲೆ ಬಣ್ಣದ ತುಂತುರು ಬಿದ್ದಿದೆಯಾ ನೋಡಿ. ಬಾಗಿಲು ಮತ್ತು ಪಕ್ಕದ ಪ್ಯಾನೆಲ್ ನಡುವಿನ ಸಂದು ಬಲಗಡೆ ಎಷ್ಟಿದೆಯೋ ಎಡಗಡೆಯೂ ಅಷ್ಟೇ ಇರಬೇಕು. ಬಾಗಿಲು ಹಾಕಿದ ಸದ್ದನ್ನು ಎರಡೂ ಕಡೆ ಕೇಳಿ. ಬಾಗಿಲಿನ ಕೆಳ ಅಂಚಿನಲ್ಲಿ ಮಳೆನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಪೇಂಟಿನಲ್ಲಿ ಮುಚ್ಚಿ ಹೋಗಿದ್ದರೆ ಒಳಗೆ ನೀರು ನಿಲ್ಲುತ್ತದೆ. ಕಿಟಕಿ ಏರಿಸಿ ಇಳಿಸಿ, ಲಾಕ್ ಹಾಕಿ, ಪಾರ್ಕಿಂಗ್ ಸೆನ್ಸರ್ ಕೆಲಸ ಮಾಡುತ್ತಿದೆಯಾ ಅಂತ ಕಾರಿನ ಹಿಂದೆ ನಿಂತು ನೋಡಿ. ಒಂದು ಮಗ್ ನೀರು ಕಿಟಕಿ ಮೇಲೆ ಸುರಿದು ಬಾಗಿಲು ತೆಗೆದು, ಒಳಗೆ ನೀರು ಬಂದಿದೆಯಾ ನೋಡಿ. ಎಲ್ಲಾ ಸರಿ ಅನಿಸಿದ ಮೇಲೆ ತೃಪ್ತಿ ಪತ್ರಕ್ಕೆ ಸಹಿ. ಹೊಸ ಕಾರಿನ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಯಾರ ಹತ್ತಿರವಾದರೂ ಪೇಂಟ್ ಮೀಟರ್ ಇದ್ದರೆ ಹಿಡಿದು ನೋಡಿ, ರಿಪೇರಿ ಆದ ಕಡೆ ಇದರ ಎರಡು ಮೂರು ಪಟ್ಟು ಬಂದರೆ ಗಾಬರಿ ಬೇಡ. ಪುಟ್ಟಿ ಹಾಕಿದ ಕಡೆ ಎರಡು ಮೂರು ಸಾವಿರದವರೆಗೆ, ಅಂದರೆ ಎರಡು ಮೂರು ಮಿಲಿಮೀಟರ್, ಬರಬಹುದು. ಪುಟ್ಟಿ ಹಾಕದ ಕಡೆ ಸಾವಿರ ದಾಟಿದರೆ ಕೇಳಲೇಬೇಕು.

ಕೆಲಸ ಸರಿ ಬರದಿದ್ದರೆ ಜಗಳ ಬೇಡ, ಬರಹದಲ್ಲಿ ಹೇಳಿ. ಫೋಟೋ ಸಮೇತ ವರ್ಕ್ಸ್ ಮ್ಯಾನೇಜರಿಗೆ ಇಮೇಲ್. ಗ್ಯಾರೇಜಿನ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ವಿಮಾ ಕಂಪನಿಯ ತಕರಾರಾದರೆ ಮೊದಲು ಅವರದ್ದೇ ದೂರು ವಿಭಾಗ, ಆಮೇಲೆ ವಿಮಾ ನಿಯಂತ್ರಕ ಸಂಸ್ಥೆಯ ಬಿಮಾ ಭರೋಸಾ ಪೋರ್ಟಲ್. ತಿಂಗಳಾದರೂ ಉತ್ತರ ಇಲ್ಲದಿದ್ದರೆ ಅಥವಾ ಒಪ್ಪದ ಉತ್ತರ ಬಂದರೆ ವಿಮೆ ತಕರಾರು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ.

ಮೊದಲ ತಿಂಗಳು

ಹೊಸ ಪೇಂಟ್ ಮುಟ್ಟಲು ಒಣಗಿದ್ದರೂ ಒಳಗೆ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಒಂದು ವಾರ ಶಾಂಪೂ, ಪ್ರೆಶರ್ ವಾಶ್ ಬೇಡ. ಒಂದು ತಿಂಗಳು ವ್ಯಾಕ್ಸ್, ಸಿರಾಮಿಕ್ ಕೋಟಿಂಗ್, ಪಿಪಿಎಫ್ (ಪೇಂಟ್ ಕಾಯಲು ಅಂಟಿಸುವ ಪಾರದರ್ಶಕ ಹಾಳೆ) ಬೇಡ. ಕವರ್ ಹೊದಿಸಬೇಡಿ, ಗಾಳಿಗೆ ಅದು ಉಜ್ಜುತ್ತದೆ. ಹಕ್ಕಿ ಹಿಕ್ಕೆ ಬಿದ್ದರೆ ಅದೇ ದಿನ ನೀರು ಹಾಕಿ ನೆನೆಸಿ ತೆಗೆಯಿರಿ. ಆಯುಧಪೂಜೆ ಹತ್ತಿರ ಇದ್ದರೆ ಅರಿಶಿನ ಕುಂಕುಮವನ್ನು ಗಾಜಿನ ಮೇಲೆ ಇಡಿ. ಒದ್ದೆ ಕುಂಕುಮ ಹಸಿ ಪೇಂಟಿನ ಮೇಲೆ, ಅದರಲ್ಲೂ ಬಿಳಿ ಬಣ್ಣದ ಮೇಲೆ, ಕಲೆ ಬಿಡುತ್ತದೆ. ಮನೆಯವರು ಒಪ್ಪದಿದ್ದರೆ ರಿಪೇರಿ ಆಗದ ಕಡೆ ಚಿಕ್ಕದಾಗಿ ಒಂದು ಬೊಟ್ಟು.

ಇನ್ನೊಂದು, ಪೇಂಟರ್ ಹತ್ತಿರ ಮಿಕ್ಕಿದ ಬಣ್ಣ ಕೇಳಿ ತಗೊಳ್ಳಿ. ಹಾರ್ಡನರ್ ಬೆರೆಸದ ಬೇಸ್ ಬಣ್ಣವೇ ಬೇಕು ಅನ್ನಿ, ಬೆರೆಸಿದ್ದು ಡಬ್ಬಿಯಲ್ಲೇ ಕಲ್ಲಾಗುತ್ತದೆ. ನೇಲ್ ಪಾಲಿಶ್ ಬಾಟಲಿಯಷ್ಟು ಸಾಕು. ನನ್ನದು ಫ್ರಿಜ್ಜಿನ ಮೇಲೆ, ಕಲರ್ ಕೋಡ್ ಬರೆದ ಚೀಟಿ ಅಂಟಿಸಿಕೊಂಡು ಕೂತಿದೆ. ಹಾಸನದ ಗೇಟಿನ ಅಗುಳಿಗೆ ಮಾವ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದಾರೆ.